ಟರ್ನರ್ ಕಂಡ ಕಡಲು, ನೆನೆದ ಕಡಲು

ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಫಾರ್ನ್ಲೀ ಹಾಲ್ ಎಂಬ ದೊಡ್ಡ ಮನೆಯಿಂದ ಕಡಲು ಕಾಣುವುದಿಲ್ಲ. ಸುತ್ತ ಇರುವುದು ಹೊಳೆ, ಹುಲ್ಲುಗಾವಲು, ಬೋಳುಗುಡ್ಡ. 1818ರಲ್ಲಿ ಒಂದು ದಿನ, ಬೆಳಗಿನ ಉಪಾಹಾರದ ಹೊತ್ತಿನಲ್ಲಿ, ಆ ಮನೆಯ ಯಜಮಾನ ವಾಲ್ಟರ್ ಫಾಕ್ಸ್ ತನ್ನ ಅತಿಥಿಯನ್ನು ಒಂದು ಚಿತ್ರ ಕೇಳಿದ. ಯುದ್ಧನೌಕೆ ಎಂದರೆ ಎಷ್ಟು ದೊಡ್ಡದು ಎಂಬುದು ನೋಡಿದ ಕೂಡಲೇ ತಿಳಿಯುವಂತಿರಬೇಕು ಎಂದ. ಅತಿಥಿ ನಗುತ್ತ ಎದ್ದು, ಯಜಮಾನನ ಮಗನನ್ನೂ ಜೊತೆಗೆ ಕರೆದುಕೊಂಡು ಕೋಣೆ ಸೇರಿದ.

ಒಳಗೆ ಆ ಮಗ ಕಂಡದ್ದು ಮುಂದೆ ಆ ಮನೆತನದಲ್ಲಿ ಕಥೆಯಾಗಿ ಉಳಿಯಿತು. ಅತಿಥಿ ಕಾಗದ ತೊಯ್ದು ತೊಪ್ಪೆಯಾಗುವವರೆಗೆ ಬಣ್ಣದ ನೀರು ಸುರಿದ. ಬಳಿದ, ಕೆರೆದ, ಉದ್ದ ಬೆಳೆಸಿದ್ದ ಹೆಬ್ಬೆರಳಿನ ಉಗುರಿನಿಂದ ಗೀರಿದ. ಮೊದಮೊದಲು ಎಲ್ಲವೂ ಅಲ್ಲೋಲ ಕಲ್ಲೋಲ. ಆಮೇಲೆ ಯಾವುದೋ ಮಾಯೆಯಿಂದೆಂಬಂತೆ ಹಡಗು ಮೂಡತೊಡಗಿತು. ಮಧ್ಯಾಹ್ನದ ಊಟದ ವೇಳೆಗೆ ಚಿತ್ರ ಮುಗಿದಿತ್ತು! ನೋಡುವವರು ಸಣ್ಣ ದೋಣಿಯೊಂದರಲ್ಲಿ ಕುಳಿತು ತಲೆಯೆತ್ತಿ ನೋಡುತ್ತಿರುವಂತೆ, ಸಾಲು ಸಾಲು ತೋಪುಗಳ ಹಡಗಿನ ಒಡಲು ಗೋಡೆಯಾಗಿ ಎದ್ದು ನಿಂತಿದೆ. ಕೆಳಗೆ ಸಾಮಾನು ತುಂಬುವ ದೋಣಿಗಳು ಅಲೆಯಲ್ಲಿ ಹೊಯ್ದಾಡುತ್ತಿವೆ. ಬೆಡ್‌ಫರ್ಡ್ ನಗರದ ಕಲಾಶಾಲೆಯಲ್ಲಿ ಈ ಜಲವರ್ಣ ಚಿತ್ರ ಇಂದಿಗೂ ಇದೆ.

ಎದುರಿಗೆ ಹಡಗಿರಲಿಲ್ಲ, ನೀರಿರಲಿಲ್ಲ. ಇದ್ದದ್ದು ನೆನಪು ಮಾತ್ರ. ಆ ಅತಿಥಿಯ ಹೆಸರು ಜೋಸೆಫ್ ಮ್ಯಾಲರ್ಡ್ ವಿಲಿಯಂ ಟರ್ನರ್.

1775ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ಬಳಿಯ ಇಕ್ಕಟ್ಟಾದ ಓಣಿಯೊಂದರಲ್ಲಿ ಹುಟ್ಟಿದ ಈತ ಕ್ಷೌರಿಕನ ಮಗ. ತಂದೆ ಕೃತಕ ಕೂದಲಿನ ಟೋಪಿಗಳನ್ನೂ ಕಟ್ಟುತ್ತಿದ್ದ. ಮಗ ಬಿಡಿಸಿದ ಚಿತ್ರಗಳನ್ನು ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿ ಕೆಲವೇ ಶಿಲಿಂಗಿಗೆ ಮಾರುತ್ತಿದ್ದ. ಮನೆಯಲ್ಲಿ ನೆಮ್ಮದಿಯಿರಲಿಲ್ಲ. ತಂಗಿ 1783ರಲ್ಲಿ ತೀರಿಕೊಂಡಳು. ತಾಯಿ ಮುಂದೆ ಬುದ್ಧಿಭ್ರಮಣೆಯಿಂದ ಆಸ್ಪತ್ರೆ ಸೇರಿ, 1804ರಲ್ಲಿ ಸತ್ತಳು. ಹುಡುಗನಿಗೆ ಸುಮಾರು ಹನ್ನೊಂದು ವರ್ಷವಾಗಿದ್ದಾಗ ಅವನನ್ನು ಥೇಮ್ಸ್ ನದಿ ಕಡಲು ಸೇರುವ ಕಡೆಯ ಮಾರ್ಗೇಟ್ ಎಂಬ ಕರಾವಳಿ ಊರಿಗೆ ಕಳಿಸಿದರು. ಹೊಗೆ ಕವಿದ ಓಣಿಯ ಹುಡುಗನ ಎದುರು ದಿಗಂತದವರೆಗೆ ನೀರು, ಅದರ ಮೇಲೆ ಅಷ್ಟೇ ದೊಡ್ಡ ಆಕಾಶ. ಆ ಊರನ್ನು ಅವನು ಸಾಯುವವರೆಗೆ ಬಿಡಲಿಲ್ಲ.

ಹದಿನಾಲ್ಕನೆಯ ವಯಸ್ಸಿಗೆ ರಾಯಲ್ ಅಕಾಡೆಮಿಯ ಶಾಲೆ ಸೇರಿದ ಟರ್ನರ್ ಅಲ್ಲಿ ಪ್ರದರ್ಶಿಸಿದ ಮೊದಲ ತೈಲಚಿತ್ರವೂ ಕಡಲಿನದೇ. ಹಿಂದಿನ ವರ್ಷ ವೈಟ್ ದ್ವೀಪದಲ್ಲಿ ಸುತ್ತಾಡಿ ಬಂದವನು 1796ರಲ್ಲಿ ಬೆಳದಿಂಗಳ ರಾತ್ರಿಯ ಮೀನುಗಾರರನ್ನು ಚಿತ್ರಿಸಿದ. ಮೇಲೆ ತಣ್ಣಗಿನ ಚಂದ್ರ, ಕೆಳಗೆ ದೋಣಿಯಲ್ಲಿ ಬೆಚ್ಚನೆಯ ಒಂದು ಲಾಂದ್ರ. ಮನುಷ್ಯನ ಬೆಳಕು ಎಷ್ಟು ಸಣ್ಣದು ಎಂಬ ಅಳತೆ ಆಗಲೇ ಅವನಿಗೆ ಸಿಕ್ಕಿತ್ತು.

ಆತನ ಕೆಲಸದ ಕ್ರಮ ಕುತೂಹಲಕಾರಿ. ಬೇಸಿಗೆಯಲ್ಲಿ ತಿರುಗಾಟ, ಚಳಿಗಾಲದಲ್ಲಿ ಚಿತ್ರರಚನೆ. ತಿರುಗಾಟದಲ್ಲಿ ಜೊತೆಗಿರುತ್ತಿದ್ದದ್ದು ಕಿಸೆಗೆ ಹಿಡಿಸುವ ಪುಸ್ತಕ ಮತ್ತು ಪೆನ್ಸಿಲ್. ಬಣ್ಣ ಬಳಿಯುತ್ತ ಕೂರುವುದು ಅಪರೂಪ. 1819ರಲ್ಲಿ ನೇಪಲ್ಸ್‌ನಲ್ಲಿದ್ದಾಗ ಯಾರೋ ಬಯಲಿನಲ್ಲೇ ಬಣ್ಣ ಹಾಕಬಾರದೇಕೆ ಎಂದು ಕೇಳಿದರು. ಒಂದು ಬಣ್ಣದ ಚಿತ್ರ ಮುಗಿಯುವುದರೊಳಗೆ ಹದಿನೈದು ಹದಿನಾರು ಪೆನ್ಸಿಲ್ ಚಿತ್ರಗಳಾಗುತ್ತವೆ ಎಂದು ಟರ್ನರ್ ಗೊಣಗಿದನಂತೆ. ಇದು ಸೋಮಾರಿತನವಲ್ಲ, ಲೆಕ್ಕಾಚಾರ. ಗುಡ್ಡ, ಕೋಟೆ, ಸೇತುವೆಗಳು ಸುಮ್ಮನೆ ನಿಂತಿರುತ್ತವೆ. ಅಲೆ ನಿಲ್ಲುವುದಿಲ್ಲ. ಬಣ್ಣ ಕಲಸುವಷ್ಟರಲ್ಲಿ ಎದುರಿಗಿದ್ದ ಅಲೆ ಒಡೆದು ಬೇರೊಂದು ಬಂದಿರುತ್ತದೆ. ಹಾಗಾಗಿ ನಾಲ್ಕು ಗೆರೆ ಎಳೆದುಕೊಂಡು, ಉಳಿದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದೇ ದಾರಿ.

1802ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಅಲ್ಪಕಾಲದ ಶಾಂತಿ ಏರ್ಪಟ್ಟಾಗ ಟರ್ನರ್ ಮೊದಲ ಬಾರಿಗೆ ಕಾಲುವೆ ದಾಟಿ ಫ್ರಾನ್ಸಿನ ಕಲೇ ಬಂದರಿಗೆ ಹೋದ. ಗಾಳಿ ಜೋರಾಗಿತ್ತು. ಇಳಿಯುವಾಗ ದೋಣಿ ಇನ್ನೇನು ಮುಳುಗಿತೆನ್ನುವಂತಾಯಿತು. ಮರುವರ್ಷ ಪ್ರದರ್ಶನಕ್ಕೆ ಬಂದ ‘ಕಲೇ ಪಿಯರ್’ ತೈಲಚಿತ್ರದಲ್ಲಿ ಕಪ್ಪು ಮೋಡ, ಬಿಳಿ ನೊರೆ, ಒಂದಕ್ಕೊಂದು ಡಿಕ್ಕಿ ಹೊಡೆಯುವಂತಿರುವ ದೋಣಿಗಳು, ಕಟ್ಟೆಯ ಮೇಲೆ ಕಿರುಚಾಡುವ ಜನ ಎಲ್ಲವೂ ಇದೆ. ನೀರು ನೀರಿನಂತಿಲ್ಲವೆಂದು ಆಗಲೇ ಕೆಲವರು ಆಕ್ಷೇಪಿಸಿದರು. ಆ ಆಕ್ಷೇಪ ಅವನನ್ನು ಜೀವನಪೂರ್ತಿ ಬೆನ್ನಟ್ಟಿತು.

ಶಾಂತಿ ಹೆಚ್ಚು ದಿನ ಬಾಳಲಿಲ್ಲ. ನೆಪೋಲಿಯನ್ನನ ಯುದ್ಧಗಳಿಂದಾಗಿ ಯೂರೋಪಿನ ಬಾಗಿಲು ಮುಚ್ಚಿದಾಗ ಟರ್ನರ್ ಸ್ವದೇಶದ ಕರಾವಳಿಯ ಕಡೆಗೇ ತಿರುಗಿದ. ಶತ್ರು ಇದೇ ದಡಕ್ಕೆ ಬಂದಿಳಿದಾನು ಎಂಬ ಭಯವಿದ್ದ ಕಾಲ ಅದು. 1811ರಲ್ಲಿ ಡಾರ್ಸೆಟ್, ಡೆವನ್, ಕಾರ್ನ್‌ವಾಲ್‌ಗಳ ತೀರವನ್ನೆಲ್ಲ ಸುತ್ತಿದ. ಆ ತಿರುಗಾಟದ ಫಲವಾಗಿ ಕುಕ್ ಸೋದರರು ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚು ಹಾಕಿದ ದಕ್ಷಿಣ ತೀರದ ನೋಟಗಳು 1814ರಿಂದ 1826ರವರೆಗೆ ಕಂತು ಕಂತಾಗಿ ಹೊರಬಂದವು. ಅವು ಬರೀ ಸುಂದರ ದೃಶ್ಯಗಳಲ್ಲ. ಬಲೆ ಎಳೆಯುವವರು, ಒಡೆದ ಹಡಗಿನ ಸಾಮಾನನ್ನು ದಡಕ್ಕೆ ಒಯ್ಯುವವರು, ಕಳ್ಳಸಾಗಣೆದಾರರು ಹೀಗೆ ದಡದ ಜನವೆಲ್ಲ ಅವನ ಕರಾವಳಿ ಚಿತ್ರಗಳಲ್ಲಿ ಸಿಗುತ್ತಾರೆ.

1813ರಲ್ಲಿ ಡೆವನ್‌ಗೆ ಮತ್ತೆ ಹೋದಾಗ ಜೊತೆಗಿದ್ದ ಪತ್ರಕರ್ತ ಸೈರಸ್ ರೆಡ್ಡಿಂಗ್ ಒಂದು ದೋಣಿಯಾನದ ವಿವರ ಬರೆದಿಟ್ಟಿದ್ದಾನೆ. ಬರ್ ದ್ವೀಪದತ್ತ ಹೊರಟ ದೋಣಿ ಅಲೆಗಳಿಗೆ ಸಿಕ್ಕಿ ತತ್ತರಿಸಿತು. ಉಳಿದವರಿಗೆ ವಾಂತಿ, ಸಂಕಟ. ಟರ್ನರ್ ಮಾತ್ರ ಹಿಂಬದಿಯಲ್ಲಿ ತುಟಿ ಬಿಚ್ಚದೆ ಕುಳಿತು ನೀರನ್ನೇ ನೋಡುತ್ತಿದ್ದ. ದ್ವೀಪದಲ್ಲಿ ಇಳಿದ ಮೇಲೆ ಎತ್ತರಕ್ಕೆ ಹತ್ತಿ ಪೆನ್ಸಿಲ್ ಹಿಡಿದ. ದೂರದಿಂದ ನೋಡಿದರೆ ಚಿತ್ರ ಬಿಡಿಸುವುದಕ್ಕಿಂತ ಏನನ್ನೋ ಬರೆದುಕೊಳ್ಳುವಂತೆ ಕಾಣುತ್ತಿತ್ತು ಎನ್ನುತ್ತಾನೆ ರೆಡ್ಡಿಂಗ್.

ತಾನು ಕಾಣದ್ದನ್ನು ಟರ್ನರ್ ಚಿತ್ರಿಸಲೇ ಇಲ್ಲವೆಂದಲ್ಲ. ಕನ್ನಡಿಗರಿಗೆ ಆಸಕ್ತಿಯ ಸಂಗತಿಯೊಂದಿದೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ಸುದ್ದಿ ಲಂಡನ್ ಮುಟ್ಟಿದಾಗ ಆ ಯುದ್ಧದ ಚಿತ್ರಗಳಿಗೆ ಭಾರೀ ಬೇಡಿಕೆ ಬಂತು. ಶ್ರೀರಂಗಪಟ್ಟಣದ ಮುತ್ತಿಗೆಯನ್ನು ತೋರಿಸುವ, ಸುಮಾರು 1800ರ, ಟರ್ನರನದೆಂದು ಪರಿಗಣಿಸಲಾದ ಜಲವರ್ಣವೊಂದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಆತ ಕಾವೇರಿಯನ್ನು ಕಂಡವನಲ್ಲ, ಭಾರತಕ್ಕೆ ಬಂದವನೇ ಅಲ್ಲ. ಅದು ಬೇಡಿಕೆಯ ಚಿತ್ರ. ಮಾರ್ಗೇಟಿನ ನೀರಿಗೆ ಇರುವ ಜೀವವನ್ನು ಅಲ್ಲಿ ಹುಡುಕಬಾರದು.

ಕಡಲಿನ ಎದುರೇ ನಿಂತು ಚಿತ್ರಿಸುತ್ತೇನೆಂದು ಹಟ ಹಿಡಿದವರೂ ಇದ್ದಾರೆ. ಅವರಲ್ಲಿ ಮುಖ್ಯನು ಫ್ರಾನ್ಸಿನ ಮೋನೆ. 1885ರಲ್ಲಿ ಎತ್ರೆತಾ ಎಂಬಲ್ಲಿ ಬಂಡೆಗಳ ಬುಡದಲ್ಲಿ ಬಣ್ಣ ಹಚ್ಚುತ್ತಿದ್ದಾಗ ಭರತದ ಸಮಯ ತಪ್ಪಾಗಿ ಎಣಿಸಿ, ಅಲೆಯೊಂದರ ಹೊಡೆತಕ್ಕೆ ಸಿಕ್ಕು ಬಂಡೆಗೆ ಅಪ್ಪಳಿಸಲ್ಪಟ್ಟ. ಜೀವ ಉಳಿಯಿತು, ಚಿತ್ರ ಸಲಕರಣೆಗಳೆಲ್ಲ ನೀರುಪಾಲು. ಅಂಥ ಮೋನೆಯೂ ತನ್ನ ಎಷ್ಟೋ ಕಡಲ ಚಿತ್ರಗಳನ್ನು ಕೊನೆಗೆ ಮುಗಿಸಿದ್ದು ಮನೆಗೆ ಹೋದ ಮೇಲೆಯೇ.

ನೆನಪಿನಿಂದ ಬಿಡಿಸಿದ ಚಿತ್ರವನ್ನು ಎಷ್ಟು ನಂಬಬೇಕು? ಈ ಪ್ರಶ್ನೆಗೆ ಟರ್ನರ್ ತಾನೇ ಎಡೆಮಾಡಿಕೊಟ್ಟ. 1842ರಲ್ಲಿ, ಅರವತ್ತೇಳನೆಯ ವಯಸ್ಸಿನಲ್ಲಿ, ಹಿಮಗಾಳಿಗೆ ಸಿಕ್ಕಿದ ಉಗಿಹಡಗಿನ ಚಿತ್ರವೊಂದನ್ನು ಪ್ರದರ್ಶಿಸಿದ. ಹಡಗು ಎಲ್ಲಿ, ಹೊಗೆ ಎಲ್ಲಿ, ನೀರು ಎಲ್ಲಿ ಎಂಬುದೇ ತಿಳಿಯದ ಸುಳಿ. ‘ಏರಿಯಲ್’ ಎಂಬ ಹಡಗು ಹಾರ್ವಿಚ್ ಬಂದರು ಬಿಟ್ಟ ರಾತ್ರಿ ಈ ಬಿರುಗಾಳಿಯಲ್ಲಿ ತಾನೇ ಇದ್ದೆನೆಂದು ಶೀರ್ಷಿಕೆಯಲ್ಲೇ ಸೇರಿಸಿದ. ನಾವಿಕರಿಂದ ಕೂವೆಕಂಬಕ್ಕೆ ಕಟ್ಟಿಸಿಕೊಂಡು ನಾಲ್ಕು ತಾಸು ನೋಡಿದೆನೆಂದು ಪಾದ್ರಿಯೊಬ್ಬರಿಗೆ ಹೇಳಿದನಂತೆ. ವಿಮರ್ಶಕರು ಇದನ್ನು ಸೋಪಿನ ನೊರೆ, ಸುಣ್ಣದ ನೀರು ಎಂದು ಗೇಲಿ ಮಾಡಿದರು. ಮುದುಕ ನೊಂದುಕೊಂಡ. ಕಡಲು ಹೇಗಿರುತ್ತದೆಂದು ಇವರು ತಿಳಿದಿದ್ದಾರೆ, ಒಮ್ಮೆ ಅದರಲ್ಲಿ ಇದ್ದು ನೋಡಲಿ ಎಂದು ಸಿಡುಕಿದ.

ಆದರೆ ಆ ರಾತ್ರಿ ಹಾರ್ವಿಚ್ ಬಿಟ್ಟ ‘ಏರಿಯಲ್’ ಎಂಬ ಹಡಗಿನ ಪತ್ತೆ ಸಂಶೋಧಕರಿಗೆ ಸಿಕ್ಕಿಲ್ಲ. ಕಂಬಕ್ಕೆ ಕಟ್ಟಿಸಿಕೊಂಡ ಕಥೆಯನ್ನೂ ಈಗ ಹಲವರು ನಂಬುವುದಿಲ್ಲ. ಹಾಗಾದರೆ ಮುದುಕ ಸುಳ್ಳು ಹೇಳಿದನೆ? ಹಡಗಿನ ಹೆಸರು ಸುಳ್ಳಿರಬಹುದು. ಆದರೆ ಆ ಚಿತ್ರದ ಎದುರು ನಿಂತವರಿಗೆ ಕಾಲಡಿಯ ನೆಲ ಓಲುವಂತೆ ಭಾಸವಾಗುತ್ತದೆ. ಕಲೇ, ಡೆವನ್, ಮಾರ್ಗೇಟಿನ ಎಷ್ಟೋ ಬಿರುಗಾಳಿಗಳು ಒಂದೇ ರಾತ್ರಿಯಾಗಿ ಅಲ್ಲಿ ಸೇರಿಕೊಂಡಿವೆ ಎನ್ನುವುದೇ ಹೆಚ್ಚು ಸರಿ.

ಇದಕ್ಕಿಂತ ಬಿಗುವಾದ ಪ್ರಶ್ನೆ ಎರಡು ವರ್ಷ ಮೊದಲಿನ ಇನ್ನೊಂದು ಚಿತ್ರದ್ದು. 1781ರಲ್ಲಿ ‘ಜಾಂಗ್’ ಎಂಬ ಗುಲಾಮರ ಹಡಗಿನಿಂದ 130ಕ್ಕೂ ಹೆಚ್ಚು ಆಫ್ರಿಕನ್ನರನ್ನು ಜೀವಂತ ಕಡಲಿಗೆ ಎಸೆಯಲಾಗಿತ್ತು. ನೀರಿನ ಕೊರತೆಯ ನೆಪ ಹೇಳಿದ ಮಾಲೀಕರು, ‘ಸರಕು’ ನಷ್ಟವಾಯಿತೆಂದು ವಿಮೆಯ ಹಣಕ್ಕಾಗಿ ಕೋರ್ಟಿಗೂ ಹೋದರು. ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಕಾಯ್ದೆ ಮಾಡಿದ್ದು 1833ರಲ್ಲಿ. 1840ರಲ್ಲಿ, ಲಂಡನ್ನಿನಲ್ಲಿ ಗುಲಾಮಗಿರಿ ವಿರೋಧಿ ವಿಶ್ವ ಸಮ್ಮೇಳನ ನಡೆದ ವರ್ಷವೇ, ಟರ್ನರ್ ಇಂಥ ಘೋರವನ್ನು ಚಿತ್ರಿಸಿದ. ರಕ್ತವರ್ಣದ ಸೂರ್ಯಾಸ್ತ, ದೂರ ಸಾಗುವ ಹಡಗು. ಹತ್ತಿರದ ನೀರಿನಲ್ಲಿ ಬೇಡಿ ತೊಟ್ಟ ಕಾಲೊಂದು, ಮೇಲೆದ್ದ ಕೈಗಳು, ಮುತ್ತುವ ಮೀನು ಹಕ್ಕಿಗಳು. ಗುಲಾಮರ ಹಡಗು ಹತ್ತಿದವನಲ್ಲ ಅವನು. ಆದರೂ ಆ ಕಡಲು ಕಂಡವನ ಕಡಲು.

ಕಲಾವಿಮರ್ಶಕ ಜಾನ್ ರಸ್ಕಿನ್ ಈ ಚಿತ್ರದ ಒಡೆಯನಾಗಿದ್ದ. ಅದರ ಕಡಲನ್ನು ಪುಟಗಟ್ಟಲೆ ಹೊಗಳಿದವನು, ಅದು ಗುಲಾಮರ ಹಡಗು ಎಂಬ ಮಾತನ್ನು ಅಡಿಟಿಪ್ಪಣಿಗೆ ತಳ್ಳಿದ! ಚಿತ್ರ ಈಗ ಅಮೆರಿಕದ ಬಾಸ್ಟನ್ನಿನಲ್ಲಿದೆ.

ಟರ್ನರನ ಕೈಯೂ ಪೂರ್ತಿ ಸ್ವಚ್ಛವಾಗಿರಲಿಲ್ಲ. 1805ರಲ್ಲಿ ಆತ ಜಮೈಕಾದ ಹಿಡುವಳಿಯೊಂದರ ಪಾಲಿಗೆ 100 ಪೌಂಡು ಹಾಕಿದ್ದ. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಅದರ ಮರುವರ್ಷ ಪಾರ್ಲಿಮೆಂಟಿಗೆ ಆಯ್ಕೆಯಾಗಿ ಗುಲಾಮರ ವ್ಯಾಪಾರದ ವಿರುದ್ಧ ನಿಂತವನು ಅದೇ ಫಾರ್ನ್ಲೀ ಹಾಲಿನ ಗೆಳೆಯ ಫಾಕ್ಸ್. ಗೆಳೆಯನ ಮಾತು ಎಷ್ಟು ತಾಗಿತೋ, 1840ರ ಆ ಕೆಂಪು ನೀರಿನಲ್ಲಿ ತನ್ನ 100 ಪೌಂಡಿನ ನೆನಪೂ ಕದಡಿತ್ತೋ, ಚಿತ್ರಕಾರ ಬಾಯಿ ಬಿಡಲಿಲ್ಲ.

ಕೊನೆಯ ದಶಕಗಳಲ್ಲಿ ಅವನು ಉಗಿದೋಣಿ ಹತ್ತಿ ಮತ್ತೆ ಮತ್ತೆ ಮಾರ್ಗೇಟಿಗೆ ಹೋಗುತ್ತಿದ್ದ. ಅಲ್ಲಿ ಕಡಲಂಚಿನಲ್ಲಿ ಮನೆಯಿದ್ದ ಸೋಫಿಯಾ ಬೂತ್ ಎಂಬ ವಿಧವೆಯೊಂದಿಗೆ ಸಂಸಾರವೂ ಕೂಡಿತು. ಮುಂದೆ ಲಂಡನ್ನಿನ ಚೆಲ್ಸಿಯಲ್ಲಿ ಇಬ್ಬರೂ ಮನೆ ಮಾಡಿದಾಗ, ಹೆಸರು ಮುಚ್ಚಿಟ್ಟುಕೊಂಡಿದ್ದ ಈ ಗಿಡ್ಡ ಮುದುಕನನ್ನು ನೆರೆಹೊರೆಯವರು ನಿವೃತ್ತ ನೌಕಾಧಿಕಾರಿಯೆಂದೇ ಬಗೆದು ಅಡ್ಮಿರಲ್ ಬೂತ್ ಎಂದು ಕರೆಯುತ್ತಿದ್ದರು. 1851ರ ಡಿಸೆಂಬರ್ 19ರಂದು ಆ ಮನೆಯಲ್ಲೇ ತೀರಿಕೊಂಡ. ಮಾರ್ಗೇಟಿನಲ್ಲಿ ಬೂತ್ ಮನೆಯಿದ್ದ ಜಾಗದಲ್ಲಿ 2011ರಲ್ಲಿ ಅವನ ಹೆಸರಿನ ಕಲಾಶಾಲೆ ತೆರೆಯಿತು.

ಅವನು ಬಿಟ್ಟುಹೋದ ಸುಮಾರು 300 ತೈಲಚಿತ್ರ, 30,000ದಷ್ಟು ರೇಖಾಚಿತ್ರ ಜಲವರ್ಣಗಳು 1856ರಲ್ಲಿ ರಾಷ್ಟ್ರದ ಸೊತ್ತಾದವು. ಹೆಚ್ಚಿನವು ಟೇಟ್‌ನಲ್ಲಿವೆ. ಅವುಗಳಲ್ಲಿ ಸುಮಾರು 300 ಸ್ಕೆಚ್ ಪುಸ್ತಕಗಳು. 1802ರ ಒಂದು ಪುಸ್ತಕದಲ್ಲಿ ಕಲೇ ಬಂದರಿನ ಅವಸರದ ಗೆರೆಗಳಿವೆ. ಪಕ್ಕದಲ್ಲಿ ಇಪ್ಪತ್ತೇಳರ ಯುವಕ ಕಾಗುಣಿತ ತಪ್ಪಿಯೇ ಗೀಚಿಕೊಂಡ ಟಿಪ್ಪಣಿ: ಇಲ್ಲಿ ಇಳಿಯುವಾಗ ಮುಳುಗುವುದೊಂದು ಬಾಕಿಯಿತ್ತು.