ಹಲಗೆಯ ಕೆಳಗಿನ ತಕ್ಕಡಿ

ಅತ್ತಿಬೆಲೆಯಲ್ಲಿ, ಹೊಸೂರು ಹೆದ್ದಾರಿಯ ಬದಿಯ ವೇಬ್ರಿಡ್ಜ್ ಮೇಲೆ ಲಾರಿಯೊಂದು ಹತ್ತಿ ನಿಲ್ಲುತ್ತದೆ. ಕಿಟಕಿಯಿಂದ ಒಂದು ಚೀಟಿ ಹೊರಬರುತ್ತದೆ. ಒಟ್ಟು ತೂಕ, ಖಾಲಿ ಲಾರಿಯ ತೂಕ, ನಿವ್ವಳ ತೂಕ ಎಂಬ ಮೂರು ಅಂಕಿಗಳನ್ನು ನಂಬಿ ಮಾರುವವನು ಹಣ ಪಡೆಯುತ್ತಾನೆ, ಕೊಳ್ಳುವವನು ಕೊಡುತ್ತಾನೆ. ತೂಗಿದ್ದನ್ನು ಮಾತ್ರ ಇಬ್ಬರೂ ಕಣ್ಣಾರೆ ಕಂಡಿರುವುದಿಲ್ಲ.

ನಮ್ಮ ಅಜ್ಜಂದಿರ ತಕ್ಕಡಿ ಹಾಗಿರಲಿಲ್ಲ. ಎರಡು ತಟ್ಟೆ, ನಡುವೆ ಮುಳ್ಳು, ಎಲ್ಲವೂ ಕಣ್ಣೆದುರಿಗೆ. ಸಂಶಯ ಬಂದರೆ ಸರಕನ್ನೂ ಬಟ್ಟನ್ನೂ ಅದಲುಬದಲು ಮಾಡಿ ತೂಗಿದರೆ ಸಾಕು, ದಂಡದ ಮೋಸ ಬಯಲಾಗುತ್ತಿತ್ತು. ಆದರೂ ಮೋಸ ನಿಂತಿರಲಿಲ್ಲವೆಂಬುದಕ್ಕೆ ಮದ್‌ಯನ್ ಜನತೆಯ ಚರಿತ್ರೆಯೇ ಸಾಕ್ಷಿ. ಪ್ರವಾದಿ ಶುಐಬ್(ಅ)ರು ತಮ್ಮ ಜನರಿಗೆ ತೌಹೀದ್‌ನ ಬೆನ್ನಿಗೇ ಬೋಧಿಸಿದ್ದು ಅಳತೆ ಮತ್ತು ತೂಕದ ಪ್ರಾಮಾಣಿಕತೆಯನ್ನು. ಪವಿತ್ರ ಕುರ್‌ಆನಿನ ಒಂದು ಅಧ್ಯಾಯಕ್ಕೆ 'ಅಲ್ ಮುತಫ್ಫಿಫೀನ್', ಅಂದರೆ ಅಳತೆಯಲ್ಲಿ ಕಡಿತ ಮಾಡುವವರು ಎಂಬ ಹೆಸರೇ ಇದೆ.

ಮುಸ್ಲಿಮ್ ಸಮಾಜವು ಇದನ್ನು ಉಪದೇಶಕ್ಕೆ ಮಾತ್ರ ಬಿಡಲಿಲ್ಲ. ಪೇಟೆಯ ತಕ್ಕಡಿಗಳನ್ನು ಪರೀಕ್ಷಿಸಲು 'ಮುಹ್ತಸಿಬ್' ಎಂಬ ಅಧಿಕಾರಿ ಇರುತ್ತಿದ್ದನು. ಗ್ರೀಕ್ ಮೂಲದ ಗುಲಾಮರಾಗಿದ್ದು ವಿಮೋಚನೆ ಪಡೆದು ವಿದ್ವಾಂಸರಾದ ಅಲ್ ಖಾಝಿನಿಯವರು 1121ರ ಸುಮಾರಿಗೆ ಮರ್ವ್ ನಗರದಲ್ಲಿ ತಕ್ಕಡಿಯ ವಿಜ್ಞಾನದ ಕುರಿತೇ ದೊಡ್ಡ ಗ್ರಂಥವೊಂದನ್ನು ಬರೆದರು. ಅವರು ವಿವರಿಸಿದ ತಕ್ಕಡಿಗೆ ಐದು ತಟ್ಟೆಗಳು. ನೀರಿನಲ್ಲಿ ಮುಳುಗಿಸಿ ತೂಗಿ, ಚಿನ್ನಕ್ಕೆ ಬೆಳ್ಳಿ ಬೆರೆಸಿದ್ದನ್ನೂ ಅದರಿಂದ ಪತ್ತೆಹಚ್ಚಬಹುದಿತ್ತು.

ಆದರೆ ಹುಲ್ಲಿನ ಗಾಡಿಯನ್ನು ತಟ್ಟೆಯಲ್ಲಿಡುವುದು ಹೇಗೆ? ಯುರೋಪಿನಲ್ಲಿ ಗಾಡಿಯನ್ನೇ ಸರಪಳಿಯಿಂದ ಎತ್ತಿ ತೂಗುತ್ತಿದ್ದರು. 1740ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ವ್ಯಾಟ್, ನೆಲಮಟ್ಟದ ಹಲಗೆಯ ಕೆಳಗೆ ಸನ್ನೆಕೋಲುಗಳನ್ನು ಒಂದಕ್ಕೊಂದು ಜೋಡಿಸಿದನು. ಭಾರವು ಹಲಗೆಯ ಯಾವ ಮೂಲೆಯಲ್ಲಿದ್ದರೂ ತೂಕ ಒಂದೇ ಬರುತ್ತದೆ. ಸನ್ನೆಗಳ ಅನುಪಾತ ನೂರಕ್ಕೆ ಒಂದಾದರೆ ನೂರು ಕಿಲೋ ಮೂಟೆಯನ್ನು ಒಂದು ಕಿಲೋ ಬಟ್ಟು ಸರಿದೂಗಿಸುತ್ತದೆ. ಅಮೆರಿಕದ ವರ್ಮಾಂಟ್‌ನಲ್ಲಿ ಸೆಣಬಿನಂಥ ನಾರಿನ ಗಾಡಿಗಳನ್ನು ತೂಗಬೇಕಾಗಿ ಬಂದ ಥಡ್ಡಿಯಸ್ ಫೇರ್‌ಬ್ಯಾಂಕ್ಸ್, 1831ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದನು. ಮಂಡಿಗಳಲ್ಲೂ ಗುಜರಿ ಅಂಗಡಿಗಳಲ್ಲೂ ನಾವು ಕಂಡ, ದಂಡದ ಮೇಲೆ ಗುಂಡು ಸರಿಸುವ ಕಬ್ಬಿಣದ ಯಂತ್ರಗಳು ಈ ವಂಶದವೇ. ಈಗ ಸನ್ನೆಕೋಲಿನ ಜಾಗಕ್ಕೆ ಲೋಡ್ ಸೆಲ್ ಬಂದಿದೆ. ಉಕ್ಕು ಭಾರಕ್ಕೆ ಕೂದಲೆಳೆಗಿಂತ ಕಡಿಮೆ ಬಾಗಿದರೂ ಅದು ವಿದ್ಯುತ್ ಸಂಕೇತವಾಗುತ್ತದೆ.

ಅನುಕೂಲವೇನೋ ಆಯಿತು. ಆದರೆ ತಕ್ಕಡಿ ಹಲಗೆಯ ಕೆಳಗೆ ಹೋದಂದಿನಿಂದ ಗಿರಾಕಿಯ ಅದಲುಬದಲು ಪರೀಕ್ಷೆ ಕೈತಪ್ಪಿತು. ಮುಹ್ತಸಿಬನ ಕೆಲಸವನ್ನು ಇಂದು ಮಾಡುವುದು ಕಾನೂನು ಮಾಪನಶಾಸ್ತ್ರ ಇಲಾಖೆ. ಸೇರು, ಮಣಗಳನ್ನು ಬದಿಗಿಟ್ಟು ಕಿಲೋವನ್ನು ತಂದದ್ದು 1956ರ ಕಾಯ್ದೆ. ಈಗ ಜಾರಿಯಲ್ಲಿರುವುದು 2009ರ ಕಾಯ್ದೆ. ವೇಬ್ರಿಡ್ಜ್‌ಗೆ ವರ್ಷಕ್ಕೊಮ್ಮೆ ಪರಿಶೀಲನೆಯ ಮುದ್ರೆ ಬೀಳಲೇಬೇಕು.

ನಮ್ಮಲ್ಲಿ ಗುಜರಿ, ಹಣ್ಣು, ಮಾಂಸದ ವ್ಯಾಪಾರ ಮಾಡುವ ಕುಟುಂಬಗಳು ಎಷ್ಟೋ ಇವೆ. ನಾವು ಹಲಗೆಯ ಎರಡೂ ಬದಿಗಳಲ್ಲಿ ನಿಲ್ಲುವವರು, ಒಮ್ಮೆ ಕೊಳ್ಳುವವರಾಗಿ, ಒಮ್ಮೆ ಮಾರುವವರಾಗಿ. ಹಲಗೆ ಖಾಲಿಯಿರುವಾಗ ಸೊನ್ನೆ ತೋರಿಸುತ್ತಿದೆಯೇ, ಒಂದೇ ಬಟ್ಟನ್ನು ನಾಲ್ಕು ಮೂಲೆಗಳಲ್ಲಿಟ್ಟಾಗ ಒಂದೇ ಅಂಕಿ ಬರುತ್ತದೆಯೇ, ಮುದ್ರೆ ಈ ವರ್ಷದ್ದೇ ಎಂಬುದನ್ನು ಅಂಗಡಿ ತೆರೆಯುವ ಮೊದಲೇ ನೋಡಿಕೊಳ್ಳಲು ಎರಡು ನಿಮಿಷ ಸಾಕು.