ಶುಚಿಯ ಅಳತೆ: ಉಪಗ್ರಹ ನಿರ್ಮಾಣದಲ್ಲಿ ವಸ್ತುಪರೀಕ್ಷೆ ಮತ್ತು ಮಾಲಿನ್ಯ ನಿಯಂತ್ರಣದ ಕಲಿಕೆ

ಬಾಹ್ಯಾಕಾಶ ಯುಗದ ಚರಿತ್ರೆಯನ್ನು ಸಾಮಾನ್ಯವಾಗಿ ಉಡಾವಣೆಗಳ ಚರಿತ್ರೆಯಾಗಿ ಬರೆಯಲಾಗಿದೆ. ರಾಕೆಟ್ಟು ಮೇಲೇರಿದ ದಿನಾಂಕ, ಉಪಗ್ರಹದ ತೂಕ, ಯೋಜನೆಯ ನಾಯಕರ ಹೆಸರು ಇವು ದಾಖಲೆಯಲ್ಲಿ ಉಳಿಯುತ್ತವೆ. ಉಪಗ್ರಹದೊಳಗೆ ಬಳಸುವ ಅಂಟು ಯಾವುದಿರಬೇಕು, ತಂತಿಗೆ ಹೊದಿಸಿದ ಪ್ಲಾಸ್ಟಿಕ್ಕು ನಿರ್ವಾತದಲ್ಲಿ ಏನಾಗುತ್ತದೆ, ಜೋಡಣೆಯ ಕೊಠಡಿಗೆ ಹೋಗುವವರು ಏನನ್ನು ತೊಟ್ಟಿರಬೇಕು ಎಂಬ ತಿಳಿವಳಿಕೆಗೆ ಅಂಥ ಚರಿತ್ರೆ ಕಡಿಮೆ. ಈ ತಿಳಿವಳಿಕೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗಿದ ಬಗೆಯನ್ನು ಪರಿಶೀಲಿಸಿದರೆ ನೇಯ್ಗೆ, ಕಮ್ಮಾರಿಕೆ, ಎರಕದ ಕೆಲಸಗಳ ಅಧ್ಯಯನದಿಂದ ಜಾನಪದ ವಿದ್ವಾಂಸರಿಗೆ ಪರಿಚಿತವಾದ ಪ್ರಶ್ನೆಯೊಂದು ಎದುರಾಗುತ್ತದೆ. ನಿಯಮವು ಗುರುವಿನಿಂದ ಶಿಷ್ಯನಿಗೆ ದಾಟುವಾಗ ಅದರ ಕಾರಣವೂ ಜೊತೆಯಲ್ಲಿ ದಾಟುತ್ತದೆಯೆ? ದಾಟದಿದ್ದರೆ ನಿಯಮವು ಬರಿಯ ಆಚಾರವಾಗಿ ಉಳಿಯುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗೆ ಮಾಲಿನ್ಯ ನಿಯಂತ್ರಣವನ್ನು ಕಲಿಸುವವರ ಮುಂದಿರುವುದೂ ಇದೇ ಪ್ರಶ್ನೆ.

ಇಂದು ಉಪಗ್ರಹಗಳನ್ನು ಜೋಡಿಸುವ ಸ್ವಚ್ಛ ಕೊಠಡಿ, ಅಂದರೆ ಕ್ಲೀನ್‌ರೂಮು, ಹುಟ್ಟಿದ್ದು ಬಾಹ್ಯಾಕಾಶಕ್ಕಾಗಿ ಅಲ್ಲ. ಅಮೆರಿಕದ ನ್ಯೂಮೆಕ್ಸಿಕೊ ರಾಜ್ಯದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಅಣ್ವಸ್ತ್ರಗಳ ಸೂಕ್ಷ್ಮ ಬಿಡಿಭಾಗಗಳಿಗೆ ಧೂಳಿನಿಂದ ತೊಂದರೆಯಾಗುತ್ತಿತ್ತು. 1960ರ ದಶಕದ ಆರಂಭದಲ್ಲಿ ಅಲ್ಲಿನ ಭೌತವಿಜ್ಞಾನಿ ವಿಲ್ಲಿಸ್ ವಿಟ್‌ಫೀಲ್ಡ್ ಅದಕ್ಕೊಂದು ಪರಿಹಾರ ಕಂಡುಕೊಂಡರು. ಅವರು ಹತ್ತಿ ಬೆಳೆಯುವ ರೈತನ ಮಗ. ಕೊಠಡಿಯನ್ನು ಮತ್ತೆ ಮತ್ತೆ ಒರೆಸುವ ಬದಲು, ಸೋಸಿದ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಸಮವಾಗಿ ಹರಿಸಿ ಕಣಗಳನ್ನು ಹೊರಕ್ಕೆ ಸಾಗಿಸುವುದು ಅವರ ಉಪಾಯವಾಗಿತ್ತು. ಮೊದಲ ಪ್ರಯೋಗದಲ್ಲಿ ಕಣ ಎಣಿಸುವ ಯಂತ್ರಗಳು ಸೊನ್ನೆಯ ಹತ್ತಿರಕ್ಕಿಳಿದಾಗ ಯಂತ್ರವೇ ಕೆಟ್ಟಿರಬೇಕೆಂದು ಭಾವಿಸಿದರೆಂಬ ಕಥೆ ಈ ಕ್ಷೇತ್ರದಲ್ಲಿ ಇಂದಿಗೂ ಪ್ರಚಾರದಲ್ಲಿದೆ. 1963ರಲ್ಲಿ ಅಮೆರಿಕದ 209ನೆಯ ಒಕ್ಕೂಟ ಮಾನಕ ಬಂದಿತು. ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು ಎಷ್ಟಿವೆ ಎಂಬುದರ ಮೇಲೆ ಕೊಠಡಿಯ ದರ್ಜೆ ನಿಶ್ಚಯವಾಯಿತು. ನೂರನೆಯ ದರ್ಜೆಯೆಂದರೆ ಅಂಥ ಕಣಗಳು ನೂರಕ್ಕೆ ಮೀರಬಾರದು. ಈ ಮಾನಕ 2001ರಲ್ಲಿ ರದ್ದಾಗಿ, ಘನ ಮೀಟರಿನ ಲೆಕ್ಕವನ್ನಿಟ್ಟುಕೊಂಡ ಅಂತರರಾಷ್ಟ್ರೀಯ ಮಾನಕ ಅದರ ಸ್ಥಾನದಲ್ಲಿ ನಿಂತಿತು. ಆದರೂ ಹಳೆಯ ದರ್ಜೆಯ ಹೆಸರುಗಳು ಕೆಲಸಗಾರರ ಮಾತಿನಲ್ಲಿ ಮರೆಯಾಗಲಿಲ್ಲ.

ಕಣವು ಈ ವಿದ್ಯೆಯ ಒಂದು ಮುಖ ಮಾತ್ರ. ಕಣ್ಣಿಗೆ ಬೀಳದ ಇನ್ನೊಂದು ಮುಖ ಆವಿಯದು. ಅಂಟು, ರಬ್ಬರು, ಬಣ್ಣ, ಪ್ಲಾಸ್ಟಿಕ್ಕುಗಳು ನಿರ್ವಾತದಲ್ಲಿ ತಮ್ಮೊಳಗಿನ ಹಗುರ ಅಣುಗಳನ್ನು ಬಿಟ್ಟುಕೊಡುತ್ತವೆ. ಆ ಅಣುಗಳು ಎಲ್ಲಿ ತಂಪಿದೆಯೋ ಅಲ್ಲಿ ಹೋಗಿ ಕೂರುತ್ತವೆ. ಮಸೂರವೂ ಕನ್ನಡಿಯೂ ಅನೇಕ ವೇಳೆ ಅಂಥ ತಂಪು ಜಾಗಗಳೇ ಆಗಿರುತ್ತವೆ. 1968ರ ಡಿಸೆಂಬರಿನಲ್ಲಿ ಚಂದ್ರನನ್ನು ಸುತ್ತಿ ಬಂದ ಅಪೊಲೊ 8ರ ಐದು ಕಿಟಕಿಗಳಲ್ಲಿ ಮೂರು ಮಬ್ಬಾದವು. ಕಿಟಕಿಯ ಅಂಚಿಗೆ ತುಂಬಿದ್ದ ಸಿಲಿಕೋನ್ ಮೇಣದಿಂದ ಹೊರಟ ಆವಿಯೇ ಗಾಜಿನ ಮೇಲೆ ಕುಳಿತಿತ್ತು. ಉಳಿದೆರಡು ಕಿಟಕಿಗಳು ತಿಳಿಯಾಗಿದ್ದುದರಿಂದ ಕೆಲಸ ಸಾಗಿತು.

ಇಂಥ ಅನುಭವಗಳನ್ನು ಅಂಕಿಗಳಿಗೆ ಇಳಿಸುವ ಪ್ರಯತ್ನ ಅದೇ ದಶಕದಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ನಡೆದಿತ್ತು. ಆ ವಿಧಾನವೇ 1977ರಲ್ಲಿ ಎಎಸ್‌ಟಿಎಂ ಇ595 ಎಂಬ ಮಾನಕವಾಯಿತು. ನೂರರಿಂದ ಮುನ್ನೂರು ಮಿಲಿಗ್ರಾಂ ತೂಗುವ ಮಾದರಿಯನ್ನು ಮೊದಲು ನಿಗದಿತ ತೇವದಲ್ಲಿ ಒಂದು ದಿನ ಇರಿಸಿ ತೂಗುತ್ತಾರೆ. ಅನಂತರ ನಿರ್ವಾತದಲ್ಲಿ 125 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 24 ಗಂಟೆ ಕಾಯಿಸುತ್ತಾರೆ. ಎದುರಿಗೆ 25 ಡಿಗ್ರಿಯಲ್ಲಿ ಇಟ್ಟ ಫಲಕವು ಹೊರಟ ಆವಿಯಲ್ಲಿ ಸಾಂದ್ರಗೊಳ್ಳುವ ಪಾಲನ್ನು ಹಿಡಿದುಕೊಳ್ಳುತ್ತದೆ. ಮಾದರಿಯು ಕಳೆದುಕೊಂಡ ತೂಕ ಶೇ. 1ಕ್ಕೆ ಮೀರಬಾರದು, ಫಲಕದ ಮೇಲೆ ಕುಳಿತದ್ದು ಶೇ. 0.1ಕ್ಕೆ ಮೀರಬಾರದು ಎಂಬುದು ರೂಢಿಗೆ ಬಂದ ಮಿತಿ. ನಾಸಾದ ಗಾಡರ್ಡ್ ಕೇಂದ್ರವು ಹೀಗೆ ಪರೀಕ್ಷಿಸಿದ ವಸ್ತುಗಳ ಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ.

ಈ ಪಟ್ಟಿಯೇ ಕಲಿಕೆಗೆ ತೊಡಕೂ ಆಗಬಲ್ಲದು. ಪಟ್ಟಿಯಲ್ಲಿರುವ ಅಂಕಿ ಒಂದು ನಿರ್ದಿಷ್ಟ ಮಾದರಿಯದು. ಅದೇ ಅಂಟನ್ನು ಬೇರೆ ಪ್ರಮಾಣದಲ್ಲಿ ಬೆರೆಸಿದರೆ, ಒಣಗಲು ಸಾಕಷ್ಟು ಸಮಯ ಕೊಡದಿದ್ದರೆ, ಫಲಿತಾಂಶ ಬೇರೆಯಾಗುತ್ತದೆ. 24 ಗಂಟೆಯ ಪರೀಕ್ಷೆ ಹತ್ತು ವರ್ಷದ ಬಾಳಿಕೆಯನ್ನು ಹೇಳುವುದಿಲ್ಲ. 25 ಡಿಗ್ರಿಯ ಫಲಕದ ಮೇಲೆ ನಿಲ್ಲದ ಆವಿ, ಸೊನ್ನೆಗಿಂತ ನೂರು ಡಿಗ್ರಿ ಕೆಳಗಿರುವ ಸಂವೇದಕದ ಮೇಲೆ ನಿಲ್ಲಬಹುದು. ಪಟ್ಟಿ ನೋಡಿ ವಸ್ತುವನ್ನು ಆರಿಸಬಲ್ಲವನು ಗುಮಾಸ್ತನೇ ಹೊರತು ಈ ವಿದ್ಯೆಯನ್ನು ಕಲಿತವನಲ್ಲ. ವಿದ್ಯಾರ್ಥಿಯು ತಾನೇ ಮಾದರಿಯನ್ನು ಸಿದ್ಧಪಡಿಸಿ, ತೂಗಿ, ಕಾಯಿಸಿ, ಮತ್ತೆ ತೂಗಿ, ಒಂದೇ ಡಬ್ಬಿಯ ಮೂರು ಮಾದರಿಗಳ ಅಂಕಿಗಳು ಮೂರು ಬಗೆಯಾಗಿ ಬಂದುದನ್ನು ಕಂಡಾಗಲೇ ಆ ಅಂಕಿಯ ಬೆಲೆ ತಿಳಿಯುತ್ತದೆ.

ಪರೀಕ್ಷಾಲಯವು ಕೊಡಲಾಗದ ಉತ್ತರವನ್ನು ಕೆಲವೊಮ್ಮೆ ಆಕಾಶವೇ ಕೊಟ್ಟಿದೆ. 1984ರ ಏಪ್ರಿಲಿನಲ್ಲಿ ನಾಸಾ ಎಲ್‌ಡಿಇಎಫ್ ಎಂಬ ತೊಟ್ಟಿಲಿನಷ್ಟೇ ಮೌನವಾದ ವಾಹಕವೊಂದನ್ನು ಕಕ್ಷೆಯಲ್ಲಿ ಬಿಟ್ಟಿತು. ಅದರಲ್ಲಿ 57 ಪ್ರಯೋಗಗಳೂ ಹತ್ತು ಸಾವಿರಕ್ಕೂ ಹೆಚ್ಚು ಮಾದರಿಗಳೂ ಇದ್ದವು. ಸುಮಾರು ಒಂದು ವರ್ಷದಲ್ಲಿ ಹಿಂದಕ್ಕೆ ತರಬೇಕಾಗಿದ್ದ ಅದನ್ನು ತರಲು ಸಾಧ್ಯವಾದದ್ದು 1990ರ ಜನವರಿಯಲ್ಲಿ. ಈ ವಿಳಂಬವೇ ಸಂಶೋಧಕರಿಗೆ ಲಾಭವಾಯಿತು. ಭೂಮಿಯ ಸಮೀಪದ ಕಕ್ಷೆಯಲ್ಲಿ ಒಂಟಿ ಆಮ್ಲಜನಕ ಪರಮಾಣುಗಳು ಪ್ಲಾಸ್ಟಿಕ್ ಹಾಳೆಗಳನ್ನು ಹೇಗೆ ಸವೆಸುತ್ತವೆ ಎಂಬುದು ಕಣ್ಣಿಗೆ ಕಾಣುವಂತೆ ದಾಖಲಾಗಿತ್ತು. ವಾಹಕದ ಹಲವೆಡೆ ಕಂದು ಬಣ್ಣದ ಪೊರೆಯೂ ಕಟ್ಟಿತ್ತು. ಪರೀಕ್ಷೆಗೆಂದೇ ಕಳಿಸಿದ ವಾಹಕವು ತನ್ನ ಆವಿಯಿಂದ ತಾನೇ ಮಲಿನಗೊಂಡ ಈ ನಿದರ್ಶನ ಮುಂದೆ ಅನೇಕ ಅಧ್ಯಯನಗಳಿಗೆ ವಸ್ತುವಾಯಿತು.

ಈ ಕ್ಷೇತ್ರದ ಪಾಠದಲ್ಲಿ ವೈಫಲ್ಯದ ಕಥೆಗಳಿಗೆ ವಿಶೇಷ ಸ್ಥಾನವಿದೆ. ಶನಿಯತ್ತ ಸಾಗುತ್ತಿದ್ದ ಕಸಿನಿ ನೌಕೆಯ ಕ್ಯಾಮೆರಾವನ್ನು 2001ರಲ್ಲಿ ವಾಡಿಕೆಯಂತೆ ಬೆಚ್ಚಗೆ ಮಾಡಿದ ಮೇಲೆ ಚಿತ್ರಗಳಲ್ಲಿ ನಕ್ಷತ್ರಗಳ ಸುತ್ತ ಮಸುಕು ಕಾಣಿಸಿಕೊಂಡಿತು. ಮುಟ್ಟಿ ಒರೆಸುವಂತಿರಲಿಲ್ಲ. ಈ ಸಲ ಹಿಂದಿನದಕ್ಕಿಂತ ಕಡಿಮೆ ಶಾಖದಲ್ಲಿ, ಹಲವು ದಿನಗಳ ಕಾಲ, ಹಲವು ಬಾರಿ ಬೆಚ್ಚಗಿರಿಸಿ 2002ರ ಮಧ್ಯದ ವೇಳೆಗೆ ಮಸುಕನ್ನು ಬಹುಮಟ್ಟಿಗೆ ಕಳೆಯಲಾಯಿತು. ಕುಶಲಕರ್ಮಿಗಳ ನಡುವೆ ಹಬ್ಬುವ ಐತಿಹ್ಯಗಳು ಮಾಡುವ ಕೆಲಸವನ್ನೇ ಇಂಥ ಕಥೆಗಳೂ ಮಾಡುತ್ತವೆ. ನಿಯಮವನ್ನು ಮರೆತವನೂ ಕಥೆಯನ್ನು ಮರೆಯುವುದಿಲ್ಲ.

ಕರ್ನಾಟಕದಲ್ಲಿ ಈ ವಿದ್ಯೆ ನೆಲೆಗೊಂಡದ್ದು ತರಗತಿಯ ಮೂಲಕ ಅಲ್ಲ. 1972ರಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾದ ಬಳಿಕ, ಉಡುಪಿ ಸಮೀಪದ ಅದಮಾರಿನವರಾದ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟದ ಕೆಲಸ ಆರಂಭವಾಯಿತು. ಉಪಗ್ರಹವನ್ನು ಕಟ್ಟಿದ ಅನುಭವವಿಲ್ಲದ ಯುವ ಎಂಜಿನಿಯರುಗಳು ಉಪಗ್ರಹದೊಂದಿಗೆ ಅದಕ್ಕೆ ಬೇಕಾದ ಪರೀಕ್ಷಾ ವ್ಯವಸ್ಥೆಯನ್ನೂ ಅಲ್ಲಿಯೇ ಕಟ್ಟಿಕೊಳ್ಳಬೇಕಾಯಿತು. 1975ರ ಏಪ್ರಿಲ್ 19ರಂದು 360 ಕಿಲೋಗ್ರಾಂ ತೂಕದ ಆರ್ಯಭಟ ಕಕ್ಷೆ ಸೇರಿತು. ಬೆಂಗಳೂರಿನಲ್ಲಿ ಶೌಚಾಲಯವೊಂದನ್ನು ದತ್ತಾಂಶ ಸ್ವೀಕರಿಸುವ ಕೊಠಡಿಯಾಗಿ ಮಾರ್ಪಡಿಸಿದ ಪ್ರಸಂಗ ಎಲ್ಲರ ಬಾಯಲ್ಲಿದೆ. ಆ ಶೆಡ್ಡುಗಳೊಳಗೆ ಧೂಳನ್ನು ಹೊರಗಿಟ್ಟವರ ಶ್ರಮ ಅಷ್ಟು ಪ್ರಸಿದ್ಧವಾಗಲಿಲ್ಲ. ಜನಸ್ಮೃತಿಯು ಏನನ್ನು ಉಳಿಸಿಕೊಳ್ಳುತ್ತದೆ ಎಂಬುದಕ್ಕೆ ಇದೂ ಒಂದು ಉದಾಹರಣೆ.

ಸ್ವಚ್ಛ ಕೊಠಡಿಯ ನಡವಳಿಕೆಗೂ ಕನ್ನಡನಾಡಿನ ಮಡಿಯ ಆಚರಣೆಗೂ ಇರುವ ಹೋಲಿಕೆ ಮೇಲುನೋಟಕ್ಕೇ ಕಾಣುವಂಥದು. ಹೊಸ್ತಿಲು, ಉಡುಪು ಬದಲಾವಣೆ, ಮುಟ್ಟಬಾರದೆಂಬ ಕಟ್ಟುಪಾಡು ಎರಡರಲ್ಲಿಯೂ ಇವೆ. ವ್ಯತ್ಯಾಸವೇ ಹೆಚ್ಚು ಮುಖ್ಯವಾದುದು. ಒಗೆದು ಯಾರೂ ಮುಟ್ಟದಂತೆ ಒಣಗಿಸಿದ ಹತ್ತಿಬಟ್ಟೆ ಮಡಿಯಾಗುತ್ತದೆ. ಸ್ವಚ್ಛ ಕೊಠಡಿಗೆ ಅದೇ ಹತ್ತಿಬಟ್ಟೆ ಎಳೆ ಉದುರಿಸುವ ವಸ್ತುವಾದ್ದರಿಂದ ಅಲ್ಲಿ ಪಾಲಿಯೆಸ್ಟರ್ ಮೇಲುಡುಪು ಬೇಕು. ಹಣೆಯ ಕುಂಕುಮ, ಮುಡಿದ ಹೂವು, ಮುಖದ ಪೌಡರು ಇವೆಲ್ಲ ಅಲ್ಲಿ ಕಣದ ಮೂಲಗಳು. ಮಡಿಯಲ್ಲಿ ಯಾರು ಮುಟ್ಟಿದರು ಎಂಬುದಕ್ಕೆ ಹುಟ್ಟಿನ ಲೆಕ್ಕವಿತ್ತು. ಅದರ ನೋವನ್ನು ಉಂಡವರು ಈ ನಾಡಿನಲ್ಲಿ ಬಹುಮಂದಿ. ಕಣ ಎಣಿಸುವ ಯಂತ್ರಕ್ಕೆ ಆ ಲೆಕ್ಕವಿಲ್ಲ. ನಿರ್ದೇಶಕರ ಚರ್ಮವೂ ನೆಲ ಒರೆಸುವವರ ಚರ್ಮವೂ ಒಂದೇ ಬಗೆಯಲ್ಲಿ ಉದುರುತ್ತವೆ. ಆದರೆ ಅಳತೆಯನ್ನು ತೆಗೆದುಹಾಕಿ ಟೊಪ್ಪಿ, ಕೈಗವಸು, ಅಂಟುಚಾಪೆಗಳನ್ನು ಮಾತ್ರ ಕಲಿಸಿದರೆ ಇದೂ ಮತ್ತೊಂದು ಮಡಿಯೇ ಆಗುತ್ತದೆ. ಕೊಠಡಿಯಲ್ಲಿ ಸಾಕ್ಷಿ ಫಲಕವನ್ನಿಟ್ಟು ಅದರ ಮೇಲೆ ಕುಳಿತದ್ದನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬೇಕಾದ ಅಗತ್ಯ ಇಲ್ಲಿದೆ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಹೊಸಕೋಟೆಯ ತನ್ನ ಆವರಣದಲ್ಲಿ ಎಂ.ಜಿ.ಕೆ. ಮೆನನ್ ಅವರ ಹೆಸರಿನ ಪ್ರಯೋಗಾಲಯವನ್ನು ಕಟ್ಟಿದುದು ಈ ದೃಷ್ಟಿಯಿಂದ ಮಹತ್ವದ ಬೆಳವಣಿಗೆ. ಸಂಶೋಧನಾ ವಿದ್ಯಾರ್ಥಿಗಳಿರುವ ಸಂಸ್ಥೆಯೊಂದರಲ್ಲಿಯೇ ಬಾಹ್ಯಾಕಾಶ ದೂರದರ್ಶಕ ಜೋಡಿಸುವ ಸ್ವಚ್ಛ ಕೊಠಡಿ ಬಂದಂತಾಯಿತು. ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಯುವಿಐಟಿ ಜೋಡಣೆಗೊಂಡದ್ದು ಅಲ್ಲಿಯೇ. ಸುಮಾರು 130ರಿಂದ 300 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಹಿಡಿಯಬೇಕಾದ ಕನ್ನಡಿಗಳಿಗೆ, ಕಣ್ಣಿಗೆ ಸಂಪೂರ್ಣ ತಿಳಿಯಾಗಿ ಕಾಣುವ ಆವಿಯ ಪೊರೆಯೂ ಪರದೆಯಾಗಬಲ್ಲದು. ಅದರ ಮೇಲೆ ಸೂರ್ಯನ ಅತಿನೇರಳೆ ಕಿರಣ ಬಿದ್ದರೆ ಪೊರೆ ಗಟ್ಟಿಯಾಗಿ ಅಂಟಿಬಿಡುತ್ತದೆ. ಹೀಗಾಗಿ ದೂರದರ್ಶಕವನ್ನು ಶುದ್ಧ ನೈಟ್ರೋಜನ್ ಅನಿಲದ ರಕ್ಷಣೆಯಲ್ಲಿ ಇರಿಸಲಾಗುತ್ತಿತ್ತು.

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಆಸ್ಟ್ರೋಸ್ಯಾಟ್ ಮೇಲೇರಿತು. ದೂರದರ್ಶಕದ ಬಾಗಿಲುಗಳನ್ನು ಮಾತ್ರ ಕೂಡಲೆ ತೆರೆಯಲಿಲ್ಲ. ಉಪಗ್ರಹವು ತನ್ನ ಆವಿಯನ್ನು ಬಿಟ್ಟು ಮುಗಿಸಲೆಂದು ಎರಡು ತಿಂಗಳು ಕಾದು, ನವೆಂಬರ್ 30ರಂದು ತೆರೆದರು. ಆಮೇಲೆ ಎನ್‌ಜಿಸಿ 188 ಎಂಬ ಹಳೆಯ ನಕ್ಷತ್ರಗುಚ್ಛವನ್ನು ಮತ್ತೆ ಮತ್ತೆ ನೋಡುವ ಕ್ರಮವನ್ನಿಟ್ಟುಕೊಂಡರು. ನಕ್ಷತ್ರಗಳ ಕಾಂತಿ ಬದಲಾಗುವುದಿಲ್ಲ ಎಂದಾದರೆ, ದೂರದರ್ಶಕದಲ್ಲಿ ಅವು ಮಂಕಾದ ದಿನ ಕನ್ನಡಿಯ ಮೇಲೆ ಏನೋ ಕುಳಿತಿದೆ ಎಂದರ್ಥ. ಹೊಸಕೋಟೆಯ ಕೊಠಡಿಯಲ್ಲಿ ಸಾಕ್ಷಿ ಫಲಕಕ್ಕಿದ್ದ ಕೆಲಸವನ್ನು ಕಕ್ಷೆಯಲ್ಲಿ ಆ ನಕ್ಷತ್ರಗುಚ್ಛ ವಹಿಸಿಕೊಂಡಿತು.