ಸಣ್ಣ ವರ್ಕ್‌ಸ್ಟೇಷನ್‌ಗೆ ಇನ್ನೊಂದು ಹಾರ್ಡ್ ಡಿಸ್ಕ್: ಖರೀದಿಗೆ ಮುನ್ನ ಈ ಲೆಕ್ಕ ಹಾಕಿ

ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಸೆಟ್ಟಿಂಗ್‌ನಲ್ಲಿ ಶೂಟ್ ಮಾಡಿದರೆ ಒಂದು ಗಂಟೆಗೆ ಸುಮಾರು 45 ಜಿಬಿ ಬೇಕು. ಎರಡು ಕ್ಯಾಮೆರಾ, ತಲಾ ಐದು ಗಂಟೆ ಅಂದರೆ 450 ಜಿಬಿ. 1 ಟಿಬಿ ಹಾರ್ಡ್ ಡಿಸ್ಕ್ ಎರಡೇ ಮದುವೆಗೆ ಭರ್ತಿ!

ಆಗ ಮನಸ್ಸಿಗೆ ಬರುವುದು ಒಂದೇ, ‘ಇನ್ನೊಂದು ಡಿಸ್ಕ್ ಹಾಕಿಸೋಣ’. ಬಿಡಿಭಾಗ ಆರಿಸಿ ಜೋಡಿಸಿದ ದೊಡ್ಡ ಕ್ಯಾಬಿನೆಟ್ ಆದರೆ ಅದು ಹತ್ತು ನಿಮಿಷದ ಕೆಲಸ. ಆದರೆ ಡೆಲ್, ಎಚ್‌ಪಿ, ಲೆನೊವೊದಂತಹ ಕಂಪೆನಿಗಳ ರೆಡಿಮೇಡ್ ಸಣ್ಣ ವರ್ಕ್‌ಸ್ಟೇಷನ್‌ಗಳಲ್ಲಿ ಎಲ್ಲವೂ ಅಳತೆಗೆ ಹೊಲಿದ ಅಂಗಿಯ ಹಾಗೆ. ಉದಾಹರಣೆಗೆ ಡೆಲ್ ಪ್ರಿಸಿಶನ್ ಟವರ್ 3420 ನೋಡಿ. ಹೆಸರಲ್ಲಿ ಟವರ್ ಇದ್ದರೂ ಪೆಟ್ಟಿಗೆ ಚಿಕ್ಕದು. ಒಳಗೆ 3.5 ಇಂಚಿನ ಒಂದು ಡಿಸ್ಕ್ ಅಥವಾ 2.5 ಇಂಚಿನ ಎರಡು ಡಿಸ್ಕ್‌ಗಷ್ಟೇ ಜಾಗ. ಎಸ್‌ಎಂಪಿಎಸ್ 240 ವಾಟ್‌ನದ್ದು.

ಇಂತಹ ಕಂಪ್ಯೂಟರ್‌ಗೆ ಡಿಸ್ಕ್ ಸೇರಿಸುವ ಮೊದಲು ನೋಡಬೇಕಾದ್ದು ನಾಲ್ಕು: ಜಾಗ, ಪೋರ್ಟ್, ಕರೆಂಟ್, ಗಾಳಿ. ಮೊದಲ ಎರಡನ್ನು ಹೇಗಾದರೂ ಹೊಂದಿಸಿಕೊಳ್ಳಬಹುದು. ಕೊನೆಯ ಎರಡರಲ್ಲಿ ಅಡ್ಡದಾರಿ ಹಿಡಿದರೆ ಡಿಸ್ಕೂ ಹೋಗಬಹುದು, ಡೇಟಾವೂ ಹೋಗಬಹುದು.

ಜಾಗ

3.5 ಇಂಚಿನ ಡಿಸ್ಕ್ ಸುಮಾರು 147 ಮಿ.ಮೀ. ಉದ್ದ, 102 ಮಿ.ಮೀ. ಅಗಲ, 26 ಮಿ.ಮೀ. ದಪ್ಪ. 2.5 ಇಂಚಿನದ್ದು 100 ಮಿ.ಮೀ. ಉದ್ದ, 70 ಮಿ.ಮೀ. ಅಗಲ. ಎಸ್‌ಎಸ್‌ಡಿಗಳ ದಪ್ಪ ಹೆಚ್ಚಾಗಿ 7 ಮಿ.ಮೀ. ಸ್ಕೇಲ್ ಹಿಡಿದು ಅಳೆಯಿರಿ. ಕೇಬಲ್ ಬಾಗಲು ಎರಡು ಬೆರಳಷ್ಟು ಜಾಗ ಹೆಚ್ಚು ಬಿಡಿ.

ಸಿಡಿ ಡ್ರೈವ್ ಈಗ ಯಾರೂ ಅಷ್ಟಾಗಿ ಬಳಸುವುದಿಲ್ಲ. ದೊಡ್ಡ 5.25 ಇಂಚಿನ ಡ್ರೈವ್ ಇದ್ದರೆ ಅದನ್ನು ತೆಗೆದು, ಬ್ರಾಕೆಟ್ ಹಾಕಿ 3.5 ಇಂಚಿನ ಡಿಸ್ಕ್ ಕೂರಿಸಬಹುದು. ಲ್ಯಾಪ್‌ಟಾಪ್ ಮಾದರಿಯ ತೆಳು ಡ್ರೈವ್ ಇದ್ದರೆ ಅದರ ಜಾಗಕ್ಕೆ ‘ಕ್ಯಾಡಿ’ ಸಿಗುತ್ತದೆ, 2.5 ಇಂಚಿನ ಎಸ್‌ಎಸ್‌ಡಿ ಕೂರುತ್ತದೆ. ಕ್ಯಾಡಿಯಲ್ಲಿ 9.5 ಮತ್ತು 12.7 ಮಿ.ಮೀ. ಎಂಬ ಎರಡು ದಪ್ಪಗಳಿವೆ. ಅಳೆಯದೆ ತರಬೇಡಿ.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಡಬಲ್ ಸೈಡ್ ಟೇಪ್ ಹಾಕಿ ಅಂಟಿಸಿದರೂ ನಡೆಯುತ್ತದೆ. ತಿರುಗುವ ಹಾರ್ಡ್ ಡಿಸ್ಕನ್ನು ಹಾಗೆ ಮಾಡ್ಬೇಡಿ. ಅದರ ಕಂಪನಕ್ಕೆ ಸ್ಕ್ರೂ ಹಿಡಿತ ಬೇಕು, ಅಡಿಯ ಸರ್ಕ್ಯೂಟ್ ಬೋರ್ಡ್ ಕ್ಯಾಬಿನೆಟ್‌ನ ತಗಡಿಗೆ ತಾಗಬಾರದು.

ಪೋರ್ಟ್

ಮದರ್‌ಬೋರ್ಡ್‌ನಲ್ಲಿ ಒಂದು ಸಾಟಾ ಪೋರ್ಟ್‌ಗೆ ಒಂದೇ ಡಿಸ್ಕ್. ಖಾಲಿ ಪೋರ್ಟ್ ಎಷ್ಟಿದೆ ಎಣಿಸಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿದರೆ ಒಂದು ಸಾಟಾ ಪೋರ್ಟ್ ತಾನಾಗಿ ಬಂದ್ ಆಗುತ್ತದೆ, ಮ್ಯಾನ್ಯುವಲ್ ನೋಡಿಕೊಳ್ಳಿ.

ಡೆಲ್ ಕಂಪ್ಯೂಟರ್‌ಗಳ ಬಯೋಸ್‌ನಲ್ಲಿ ಪ್ರತಿ ಸಾಟಾ ಪೋರ್ಟ್‌ಗೂ ಟಿಕ್ ಹಾಕುವ ಚೌಕ ಇರುತ್ತದೆ. ಡಿಸ್ಕ್ ಜೋಡಿಸಿದರೂ ಕಾಣುತ್ತಿಲ್ಲ ಅಂದರೆ ಮೊದಲು ಅಲ್ಲಿ ನೋಡಿ. ಅಲ್ಲೇ ‘ರೇಡ್’, ‘ಎಎಚ್‌ಸಿಐ’ ಎಂಬ ಆಯ್ಕೆಯೂ ಇರುತ್ತದೆ, ಅದನ್ನು ಮಾತ್ರ ಸುಮ್ಮನೆ ಬದಲಿಸಬೇಡಿ. ವಿಂಡೋಸ್ ಆನ್ ಆಗದೇ ಹೋಗಬಹುದು.

ಪೋರ್ಟ್ ಸಾಲದಿದ್ದರೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಸಾಟಾ ಕಾರ್ಡ್ ಹಾಕಬಹುದು. ಸಣ್ಣ ಪೆಟ್ಟಿಗೆಗೆ ಅರ್ಧ ಎತ್ತರದ ಪಟ್ಟಿ ಇರುವ ಕಾರ್ಡ್ ಕೇಳಿ ತನ್ನಿ.

ಕರೆಂಟ್

ಹೆಚ್ಚಿನವರು ಎಡವುವುದು ಇಲ್ಲೇ. 3.5 ಇಂಚಿನ ಡಿಸ್ಕ್ ತಿರುಗುತ್ತಿರುವಾಗ 5ರಿಂದ 10 ವಾಟ್ ಸಾಕು. ಆದರೆ ಆನ್ ಮಾಡಿದ ಮೊದಲ ಕೆಲವು ಸೆಕೆಂಡ್, ನಿಂತ ತಟ್ಟೆಗಳನ್ನು ತಿರುಗಿಸಲು, 12 ವೋಲ್ಟ್ ಲೈನಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಅಂದರೆ 24 ವಾಟ್. ಮೂರು ಡಿಸ್ಕ್ ಒಟ್ಟಿಗೆ ಎದ್ದರೆ 70 ವಾಟ್ ದಾಟುತ್ತದೆ. 240 ವಾಟ್‌ನ ಎಸ್‌ಎಂಪಿಎಸ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಪಾಲು ಕಳೆದರೆ ಉಳಿಯುವುದೆಷ್ಟು, ನೀವೇ ಯೋಚಿಸಿ.

ಇಂತಹ ಅನೇಕ ರೆಡಿಮೇಡ್ ಕಂಪ್ಯೂಟರ್‌ಗಳಲ್ಲಿ ಡಿಸ್ಕ್‌ಗೆ ಕರೆಂಟ್ ಬರುವುದು ಎಸ್‌ಎಂಪಿಎಸ್‌ನಿಂದ ನೇರವಾಗಿ ಅಲ್ಲ, ಮದರ್‌ಬೋರ್ಡ್‌ನ ಸಣ್ಣ ಕನೆಕ್ಟರ್ ಮೂಲಕ. ಅದು ಕಂಪೆನಿ ಕೊಟ್ಟಷ್ಟು ಡಿಸ್ಕ್‌ಗೆಂದೇ ಮಾಡಿದ್ದು. ಎಸ್‌ಎಂಪಿಎಸ್ಸೇ ಬದಲಿಸೋಣ ಅಂದರೆ ಅದರ ಆಕಾರವೂ ಪಿನ್ನೂ ಬೇರೆ, ಅಂಗಡಿಯ ಮಾಮೂಲಿ ಎಸ್‌ಎಂಪಿಎಸ್ ಕೂರುವುದಿಲ್ಲ.

ಹಾಗಾಗಿ ಸ್ಪ್ಲಿಟರ್ ಕೇಬಲ್ ಬಳಸುವಾಗ ಮಿತಿ ಗೊತ್ತಿರಲಿ. ಒಂದು ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಮೂರು ಪಿನ್, ತಲಾ 1.5 ಆಂಪಿಯರ್, ಒಟ್ಟು 4.5 ಆಂಪಿಯರ್. ಅಂದರೆ ಅದರಿಂದ ಎರಡು 3.5 ಇಂಚಿನ ಡಿಸ್ಕ್ ಎದ್ದೇಳುವುದೇ ಮಿತಿ. ಮದರ್‌ಬೋರ್ಡ್‌ನಿಂದ ಬರುವ ಕನೆಕ್ಟರ್ ಆದರೆ ಅಷ್ಟೂ ಎಳೆಯದಿರುವುದು ಒಳ್ಳೆಯದು. ಒಂದು ಹಾರ್ಡ್ ಡಿಸ್ಕ್ ಜೊತೆ ಒಂದು ಎಸ್‌ಎಸ್‌ಡಿ, ಅಷ್ಟಕ್ಕೆ ನಿಲ್ಲಿಸಿ. ಹಳೆಯ ನಾಲ್ಕು ಪಿನ್‌ನ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ, ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ಕನೆಕ್ಟರ್‌ಗಳು ಒಳಗೇ ಶಾರ್ಟ್ ಆಗಿ ಹೊತ್ತಿಕೊಂಡ ಪ್ರಕರಣಗಳಿವೆ. ಅದನ್ನು ಮುಟ್ಟಲೇ ಬೇಡಿ.

ಗಾಳಿ

ಎರಡು ಡಿಸ್ಕ್ ಒಂದಕ್ಕೊಂದು ತಾಗಿಸಿ ಇಟ್ಟರೆ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ನಮ್ಮ ಕರಾವಳಿಯಲ್ಲಿ ಬೇಸಿಗೆಯಲ್ಲಿ ರೂಮೇ 33-34 ಡಿಗ್ರಿ ಇರುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಡಿಸ್ಕ್‌ನ ಉಷ್ಣತೆ ಕಾಣುತ್ತದೆ. ಎಡಿಟಿಂಗ್ ನಡೆಯುವಾಗ ನೋಡಿ. 45 ಡಿಗ್ರಿ ಒಳಗಿದ್ದರೆ ಸಮಾಧಾನ, 50 ದಾಟುತ್ತಿದ್ದರೆ ಡಿಸ್ಕ್‌ನ ಜಾಗ ಬದಲಿಸಿ.

ಸೇರಿಸುವ ಬದಲು ಬದಲಿಸಿ

ಒಂದೇ ಡಿಸ್ಕ್‌ಗೆ ಜಾಗವಿದ್ದರೆ ಸುಲಭದ ದಾರಿ, 1 ಟಿಬಿ ತೆಗೆದು ಅದೇ ಜಾಗಕ್ಕೆ 8 ಟಿಬಿ ಹಾಕುವುದು. ಕೇಬಲ್ ಅದೇ, ಕರೆಂಟೂ ಹೆಚ್ಚುಕಮ್ಮಿ ಅಷ್ಟೇ. ವಿಂಡೋಸ್ ಮತ್ತು ಈಗ ಎಡಿಟ್ ಆಗುತ್ತಿರುವ ಪ್ರಾಜೆಕ್ಟ್‌ಗೆ ಎಂ.2 ಎಸ್‌ಎಸ್‌ಡಿ ಇರಲಿ. ಎಂ.2 ಸ್ಲಾಟ್ ಇಲ್ಲದಿದ್ದರೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಹಾಕುವ ಅಡಾಪ್ಟರ್ ಸಿಗುತ್ತದೆ. ತೀರಾ ಹಳೆಯ ಯಂತ್ರ ಅದರಿಂದ ಬೂಟ್ ಆಗದಿರಬಹುದು, ಆದರೆ ಫೈಲ್ ಇಡಲು ತೊಂದರೆಯಿಲ್ಲ.

ಅದೂ ಸಾಲದಿದ್ದರೆ ಡಿಸ್ಕ್‌ಗಳನ್ನು ಹೊರಗಿಡಿ. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ 3.0 ಪೆಟ್ಟಿಗೆಯಲ್ಲಿ ಎರಡು, ನಾಲ್ಕು ಡಿಸ್ಕ್ ಇಡಬಹುದು. ‘ಯುಎಸ್‌ಬಿ ಸ್ಲೋ ಅಲ್ವಾ?’ ಅಂತ ಕೇಳಬೇಡಿ. ಹಾರ್ಡ್ ಡಿಸ್ಕ್ ಓದುವುದೇ ಸೆಕೆಂಡಿಗೆ 150ರಿಂದ 250 ಎಂಬಿ. 5 ಗಿಗಾಬಿಟ್‌ನ ಯುಎಸ್‌ಬಿ 3.0ಗೆ ಅದು ಭಾರವೇನಲ್ಲ. ಕರೆಂಟ್ ಮತ್ತು ಬಿಸಿಯ ತಲೆನೋವೂ ಪೆಟ್ಟಿಗೆಯಿಂದ ಹೊರಗೆ ಹೋಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ಕಡೆ ಆ ಅಡಾಪ್ಟರನ್ನೂ ಯುಪಿಎಸ್‌ಗೆ ಸೇರಿಸಿ.

ಯಾವ ಡಿಸ್ಕ್?

ಡಿಸ್ಕ್‌ಗಳಲ್ಲಿ ‘ಸಿಎಂಆರ್’, ‘ಎಸ್‌ಎಂಆರ್’ ಎಂಬ ಎರಡು ಜಾತಿ. ಎಸ್‌ಎಂಆರ್‌ನಲ್ಲಿ ಬರೆಯುವ ಸಾಲುಗಳನ್ನು ಮಂಗಳೂರು ಹಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಏರಿಸಿರುತ್ತಾರೆ. ನಡುವಿನ ಹಂಚು ಬದಲಿಸಲು ಪಕ್ಕದ ಹಂಚನ್ನೂ ಎತ್ತಬೇಕಲ್ಲ, ಹಾಗೆಯೇ ಇಲ್ಲೂ. ಬರೆದು ಇಟ್ಟುಬಿಡುವ ಫೈಲಿಗೆ ಇದು ಸಾಕು. ದಿನಾ ಅಳಿಸಿ ಬರೆಯುವ ಕೆಲಸಕ್ಕೆ ಮತ್ತು ರೇಡ್‌ಗೆ ಸಿಎಂಆರ್ ಬೇಕು.

ಎಕ್ಸ್‌ಟರ್ನಲ್ ಪೆಟ್ಟಿಗೆ ಬಿಚ್ಚಿ ಒಳಗಿನ ಡಿಸ್ಕ್ ಹಾಕುವವರಿಗೆ ಒಂದು ಮಾತು. ಅಂತಹ ಕೆಲವು ಡಿಸ್ಕ್‌ಗಳು ಹಳೆಯ ಎಸ್‌ಎಂಪಿಎಸ್‌ನಲ್ಲಿ ತಿರುಗುವುದೇ ಇಲ್ಲ. ಡಿಸ್ಕ್ ಕೆಟ್ಟಿಲ್ಲ. ಪವರ್ ಕನೆಕ್ಟರ್‌ನ 3ನೇ ಪಿನ್‌ಗೆ 3.3 ವೋಲ್ಟ್ ಬಂದರೆ ಅದು ‘ಆಫ್ ಆಗು’ ಎಂಬ ಆಜ್ಞೆ ಎಂದು ತಿಳಿದುಕೊಳ್ಳುತ್ತದೆ.

ಜೋಡಿಸಿದ ಮೇಲೆ

2 ಟಿಬಿಗಿಂತ ದೊಡ್ಡ ಡಿಸ್ಕನ್ನು ವಿಂಡೋಸ್ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ತೆರೆದಾಗ ‘ಜಿಪಿಟಿ’ ಆಯ್ಕೆ ಮಾಡಿ. ‘ಎಂಬಿಆರ್’ ಆರಿಸಿದರೆ ಸುಮಾರು 2 ಟಿಬಿ ಮಾತ್ರ ಬಳಕೆಗೆ ಸಿಗುತ್ತದೆ. 4 ಟಿಬಿ ಡಿಸ್ಕ್ 3.63 ಎಂದು ತೋರಿಸಿದರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಕಂಪೆನಿ ಸಾವಿರದಲ್ಲಿ ಎಣಿಸುತ್ತದೆ, ವಿಂಡೋಸ್ 1024ರಲ್ಲಿ. ಅಷ್ಟೇ ವ್ಯತ್ಯಾಸ.

ಕೊನೆಗೆ ಮುಖ್ಯ ಮಾತು

ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಅಧ್ಯಯನ ಪ್ರಕಟಿಸಿತ್ತು. ಮೊದಲ ಸ್ಕ್ಯಾನ್ ಎರರ್ ಕಂಡ ಡಿಸ್ಕ್ 60 ದಿನಗಳೊಳಗೆ ಕೆಡುವ ಸಾಧ್ಯತೆ, ಎರರ್ ಇಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು ಎಂದು ಅದರಲ್ಲಿದೆ. ಹಾಗಾಗಿ ಹಳದಿ ಎಚ್ಚರಿಕೆ ಕಂಡ ದಿನವೇ ಕಾಪಿ ಮಾಡಿ. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ. ಕೆಟ್ಟ ಡಿಸ್ಕ್‌ಗಳಲ್ಲಿ 56 ಶೇಕಡಾಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಎಚ್ಚರಿಕೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ.

ಕಂಪ್ಯೂಟರ್‌ನೊಳಗೆ ಎರಡನೇ ಡಿಸ್ಕ್ ಹಾಕಿದ ಮಾತ್ರಕ್ಕೆ ಡೇಟಾ ಸುರಕ್ಷಿತ ಅಲ್ಲ. ಸಿಡಿಲು ಬಡಿದರೆ, ಎಸ್‌ಎಂಪಿಎಸ್ ಸುಟ್ಟರೆ ಎರಡೂ ಒಟ್ಟಿಗೆ ಹೋಗಬಹುದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಮನೆಯಲ್ಲಿ. ಇದೇ 3-2-1 ಸೂತ್ರ. ಬಜೆಟ್ ಕಡಿಮೆಯಿದ್ದರೆ ಒಳಗಿನ ಎರಡನೇ ಡಿಸ್ಕ್ ಬಿಟ್ಟು, ಬ್ಯಾಕಪ್‌ಗೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಮೊದಲು ತನ್ನಿ. ಕಂಪ್ಯೂಟರ್ ಹೋದರೆ ಮತ್ತೊಂದು ಸಿಗುತ್ತದೆ. ಅಜ್ಜಿ ಕೊನೆಯ ಬಾರಿ ಕೂತು ನಕ್ಕ ಮದುವೆಯ ವಿಡಿಯೊ ಮತ್ತೆ ಶೂಟ್ ಮಾಡಲು ಆಗುವುದಿಲ್ಲ.